ಓದುಗರ ಪ್ರಶ್ನೆ, ನಮ್ಮ ಉತ್ತರ: ಸೇವೆಗೆಂದು ಉಗಾಂಡಕ್ಕೆ ಹೊರಟವರಿಗೆ

ಮಿಷನ್ ಆಸ್ಪತ್ರೆ, ಶಾಲೆಗಳ ಸೇವೆಗೆ ಉಗಾಂಡಕ್ಕೆ ಹೋಗುವ ಕುಟುಂಬಗಳ ಬಗ್ಗೆ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಮಗಳು ನರ್ಸ್, ಅಳಿಯ ಮೇಷ್ಟ್ರು. ಮೂರು ವರ್ಷದ ಸೇವೆಗೆ ಹೊರಟಿದ್ದಾರೆ. ಏಳು ವರ್ಷದ ಹುಡುಗನ ಜೊತೆ ಎಂಟು ತಿಂಗಳ ಕೂಸೂ ಇದೆ. ಟಿಕೆಟ್ ಹದಿನೈದು ದಿನದಲ್ಲಿದೆ. ಕೂಸಿಗೆ ಹಳದಿ ಜ್ವರದ ಲಸಿಕೆ ಹಾಕಿಸಬಹುದಾ?
— ಹಾಸನ

ಟಿಕೆಟನ್ನು ಎರಡು ತಿಂಗಳು ಮುಂದೆ ಹಾಕಿಸಿ. ಹಳದಿ ಜ್ವರದ ಲಸಿಕೆಯನ್ನು ಒಂಬತ್ತು ತಿಂಗಳು ತುಂಬಿದ ಮೇಲೆಯೇ ಹಾಕುವುದು ವಾಡಿಕೆ. ಆರು ತಿಂಗಳೊಳಗಿನ ಕೂಸಿಗಂತೂ ಹಾಕುವಂತೆಯೇ ಇಲ್ಲ. ಮಗಳು ಹಾಲೂಡಿಸುತ್ತಿದ್ದರೆ, ಕೂಸಿಗೆ ಒಂಬತ್ತು ತಿಂಗಳಾಗುವವರೆಗೆ ಅವಳೂ ಹಾಕಿಸಿಕೊಳ್ಳದಿರುವುದೇ ಕ್ಷೇಮ. ಲಸಿಕೆಯಲ್ಲಿರುವ ವೈರಾಣು ಜೀವಂತವಾದದ್ದು, ಎದೆಹಾಲಿನ ಮೂಲಕ ಕೂಸಿಗೆ ದಾಟಿದ ಉದಾಹರಣೆಗಳಿವೆ. ಇದು ಬಹಳ ಮಂದಿಗೆ ಗೊತ್ತಿರುವುದಿಲ್ಲ.

ಒಂಬತ್ತು ತಿಂಗಳಿಗೇ ನಮ್ಮಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಸರದಿಯೂ ಬರುತ್ತದೆ. ಎರಡೂ ಜೀವಂತ ಲಸಿಕೆಗಳು. ಒಂದೇ ದಿನ ಎರಡನ್ನೂ ಹಾಕಿಸಬೇಕು, ಇಲ್ಲವೇ ನಡುವೆ ನಾಲ್ಕು ವಾರ ಬಿಡಬೇಕು. ದಿನಗಳು ಕೈಯಲ್ಲಿದ್ದರೆ ನಾಲ್ಕು ವಾರ ಬಿಡುವುದೇ ಮೇಲು. ಮನೆಯಲ್ಲಿ ಯಾರಿಗಾದರೂ ಮೊಟ್ಟೆ ಆಗದಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ.

ಈ ಲಸಿಕೆ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ. ಕೇಂದ್ರ ಸರ್ಕಾರ ಅನುಮತಿ ಕೊಟ್ಟ ಕೇಂದ್ರದಲ್ಲೇ ಹಾಕಿಸಬೇಕು, ನಿಮಗೆ ಬೆಂಗಳೂರೇ ಅನುಕೂಲ. ದಿನ, ಸಮಯ ಕೇಳಿಕೊಂಡು ಹೋಗಿ. ಹಾಕಿಸಿದ ಹತ್ತನೆಯ ದಿನದಿಂದ ಪ್ರಮಾಣಪತ್ರಕ್ಕೆ ಬೆಲೆ, ಆಮೇಲೆ ಜೀವಮಾನಪೂರ್ತಿ ನಡೆಯುತ್ತದೆ. ಹತ್ತು ವರ್ಷಕ್ಕೊಮ್ಮೆ ಹಾಕಿಸಬೇಕೆಂಬ ನಿಯಮ 2016ರಲ್ಲೇ ಹೋಯಿತು. ಆ ಪ್ರಮಾಣಪತ್ರದ ಹಳದಿ ಪುಸ್ತಕ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ನೋಡಿ: ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಇದೆಯಾ, ಬ್ಯಾಚ್ ನಂಬರ್, ಸಹಿ, ಮೊಹರು ಇವೆಯಾ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಪೂರ್ತಿ ಇದ್ದು ಇಲ್ಲಿ ಬರೀ ಇನಿಶಿಯಲ್ ಇದ್ದರೆ ತೊಂದರೆ. ಊರಿಗೆ ಮರಳುವಾಗ ಆ ಪುಸ್ತಕ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಅಲ್ಲಿ ಮಲೇರಿಯಾ ಜಾಸ್ತಿಯಂತೆ. ಮೂರು ವರ್ಷವೂ ಮಾತ್ರೆ ನುಂಗುತ್ತಿರಬೇಕಾ?
— ಸಕಲೇಶಪುರ

ಯಾವ ಮಾತ್ರೆ, ಎಷ್ಟು ಕಾಲ ಎಂಬುದನ್ನು ಡಾಕ್ಟರೇ ಹೇಳಬೇಕು. ದಿನಕ್ಕೊಂದರಂತೆ ನುಂಗುವ ಡಾಕ್ಸಿಸೈಕ್ಲಿನ್ ಎಂಟು ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ಬೇಡ. ಮೆಫ್ಲೊಕ್ವಿನ್ ವಾರಕ್ಕೊಂದು, ಆದರೆ ಹೊರಡುವ ಎರಡು ಮೂರು ವಾರ ಮೊದಲೇ ಶುರುಮಾಡಬೇಕು, ಮನಸ್ಸಿನ ಕಾಯಿಲೆ ಅಥವಾ ಫಿಟ್ಸ್ ಇದ್ದವರಿಗೆ ಅದು ಸಲ್ಲದು. ಕ್ಲೋರೊಕ್ವಿನ್ ಒಯ್ದು ಪ್ರಯೋಜನವಿಲ್ಲ, ಅಲ್ಲಿಯ ಫಾಲ್ಸಿಪೇರಮ್ ಮಲೇರಿಯಾ ಅದಕ್ಕೆ ಬಗ್ಗುವುದಿಲ್ಲ.

ಮಾತ್ರೆಗಿಂತ ಸೊಳ್ಳೆಪರದೆಯ ಮೇಲೆ ನಮಗೆ ಹೆಚ್ಚು ಭರವಸೆ. ಔಷಧಿ ಕಟ್ಟಿದ ಪರದೆಯನ್ನೇ ತೆಗೆದುಕೊಳ್ಳಿ. ಸುಮಾರು ಇಪ್ಪತ್ತು ಒಗೆತ, ಮೂರು ವರ್ಷ ಬಾಳಿಕೆ. ಮೆತ್ತನೆಯ ಸೋಪಿನಲ್ಲಿ ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಔಷಧಿ ಸತ್ತುಹೋಗುತ್ತದೆ. ಸುತ್ತಲೂ ಹಾಸಿಗೆಯಡಿ ಸಿಗಿಸಬೇಕು. ಮಗುವಿನ ಕೈಕಾಲು ಪರದೆಗೆ ತಾಗಿಕೊಂಡಿದ್ದರೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ, ಆದ್ದರಿಂದ ಅಗಲವಾದ ಪರದೆ ಬೇಕು.

ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿ, ನಾಳೆ ನೋಡೋಣ ಎನ್ನಬೇಡಿ. ಮಲೇರಿಯಾಕ್ಕೆ ಆರ್ಟಿಮೆಥರ್-ಲುಮೆಫ್ಯಾಂಟ್ರಿನ್ ಮಾತ್ರೆ ಕೊಟ್ಟರೆ ಮೂರು ದಿನಕ್ಕೆ ಆರು ಸಲ, ಪ್ರತಿ ಸಲವೂ ಹಾಲು ಅಥವಾ ಜಿಡ್ಡಿರುವ ಊಟದ ಜೊತೆಗೆ. ಖಾಲಿ ಹೊಟ್ಟೆಯಲ್ಲಿ ಲುಮೆಫ್ಯಾಂಟ್ರಿನ್ ಸರಿಯಾಗಿ ರಕ್ತಕ್ಕೆ ಸೇರದೆ ಜ್ವರ ಮರುಕಳಿಸುತ್ತದೆ. ರಜೆಗೆ ಊರಿಗೆ ಬಂದಾಗ ಜ್ವರ ಬಂದರೆ, ಎಲ್ಲಿಂದ ಬಂದೆವೆಂದು ಮೊದಲ ಮಾತಿನಲ್ಲೇ ಡಾಕ್ಟರಿಗೆ ತಿಳಿಸಿ.

ಮನೆಸಾಮಾನು ಏನೇನು ಕಟ್ಟಿಕೊಡಬೇಕು? ರಾಗಿಹಿಟ್ಟು ಹತ್ತು ಕಿಲೋ ಬೀಸಿಸಿ ಇಟ್ಟಿದ್ದೇನೆ.
— ಅರಸೀಕೆರೆ

ಹಿಟ್ಟು ಮನೆಯಲ್ಲೇ ಇರಲಿ, ತಾಯಿ. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನಾಡು. ಉಗಾಂಡದಲ್ಲಿ ಕಾಲೊ ಎಂದು ರಾಗಿಮುದ್ದೆಯನ್ನೇ ಉಣ್ಣುತ್ತಾರೆ. ಮರಗೆಣಸಿನ ಹಿಟ್ಟು ಬೆರೆಸುವುದರಿಂದ ನಮ್ಮದಕ್ಕಿಂತ ಅಂಟು ಜಾಸ್ತಿ. ಬಾಳೆಕಾಯಿಯನ್ನು ಬಾಳೆಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಮಟೋಕೆ, ಕಡಲೆಕಾಯಿ ಗೊಜ್ಜು ಹೊಟ್ಟೆಗೆ ಹಿಡಿಯುತ್ತವೆ. ಹುಳಿಪುಡಿ ಎರಡು ಕಿಲೋ, ಕುಕ್ಕರಿಗೆ ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಹಾಕಿ. ಮಿಕ್ಸಿ ನಡೆಯುತ್ತದೆ, ವೋಲ್ಟೇಜ್ ನಮ್ಮಂತೆಯೇ. ಪ್ಲಗ್ ಮಾತ್ರ ಮೂರು ಚಪ್ಪಟೆ ಕಡ್ಡಿಯದು, ಅಡಾಪ್ಟರ್ ಬೇಕು.

ಮರೆಯದೆ ಇಡಬೇಕಾದದ್ದು ಇಸ್ತ್ರಿಪೆಟ್ಟಿಗೆ. ಅಲ್ಲಿ ಮ್ಯಾಂಗೊ ಫ್ಲೈ ಎಂಬ ನೊಣ ನೆರಳಲ್ಲಿ ಒಣಗುವ ಒದ್ದೆ ಬಟ್ಟೆಯ ಮೇಲೆ ಮೊಟ್ಟೆಯಿಡುತ್ತದೆ. ಆ ಬಟ್ಟೆ ಉಟ್ಟರೆ ಮರಿಹುಳು ಚರ್ಮದೊಳಗೆ ಇಳಿದು ಕುರುವಿನಂತೆ ಊದುತ್ತದೆ, ನಡುವೆ ಸೂಜಿಮೊನೆಯಷ್ಟು ತೂತು. ಅದಕ್ಕೆ ವ್ಯಾಸಲಿನ್ ದಪ್ಪಗೆ ಮೆತ್ತಿದರೆ ಉಸಿರುಕಟ್ಟಿ ಹುಳು ಮೇಲೆ ಬರುತ್ತದೆ. ಆಗ ಎರಡು ಬದಿಯಿಂದ ಮೆಲ್ಲಗೆ ಒತ್ತಿ ತೆಗೆಯಬೇಕು, ಅವಸರದಲ್ಲಿ ಕಿತ್ತು ಒಳಗೇ ತುಂಡಾದರೆ ಕೀವಾಗುತ್ತದೆ. ಕೂಸಿನ ಬಟ್ಟೆಗೆ, ಚಡ್ಡಿಯ ಸೊಂಟಪಟ್ಟಿ, ಹೊಲಿಗೆಯ ಮಡಿಕೆ ಬಿಡದಂತೆ ಬಿಸಿ ಇಸ್ತ್ರಿ ಆಡಿಸಿ. ಒದ್ದೆ ಬಟ್ಟೆಯನ್ನು ಹುಲ್ಲಿನ ಮೇಲೆ ಹರವಲೇಬೇಡಿ.

ಹೇಮಾವತಿಯಲ್ಲಿ ಈಜಾಡಿದ ಹುಡುಗನಿಗೆ ವಿಕ್ಟೋರಿಯಾ ಸರೋವರ ಕಂಡರೆ ಆಸೆಯಾದೀತು. ದಡದ ನೀರಿನ ಬಸವನಹುಳುಗಳಿಂದ ಹೊರಬರುವ ಬಿಲ್ಹಾರ್ಜಿಯಾ ಹುಳು ಚರ್ಮದ ಮೂಲಕವೇ ಒಳಹೊಕ್ಕು ಕರುಳು, ಯಕೃತ್ತು ಕೆಡಿಸುತ್ತದೆ. ಅಲ್ಲಿ ನೀರಿಗಿಳಿಸಬೇಡಿ.

ಭಾಷೆ ಬರದೆ ಸೇವೆ ಹೇಗೆ ಮಾಡುವುದು? ಇಂಗ್ಲಿಷ್ ಸಾಲದೇ? ಮಗನ ಓದು ಏನು?
— ಚಿಕ್ಕಮಗಳೂರು

ಕಚೇರಿಗೆ ಇಂಗ್ಲಿಷ್ ಸಾಕು, ಹೆರಿಗೆ ವಾರ್ಡಿಗೆ ಸಾಲದು. ಕಿಟೆಲ್ 1853ರಲ್ಲಿ ನಮ್ಮ ನಾಡಿಗೆ ಬಂದವರು. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಅಷ್ಟು ದುಡಿಮೆ ಎಲ್ಲರಿಂದ ಆಗದು, ಆದರೆ ಮೊದಲ ಆರು ತಿಂಗಳು ದಿನಕ್ಕೆರಡು ಗಂಟೆ ಭಾಷೆಗೇ ಮೀಸಲಿಡುವಂತೆ ಕರೆಸಿಕೊಳ್ಳುವ ಸಂಸ್ಥೆಯ ಜೊತೆ ಮೊದಲೇ ಮಾತಾಡಿಕೊಳ್ಳಿ. ಗಂಡನಿಗೆ ಪಾಠ, ಹೆಂಡತಿಗೆ ಅಡಿಗೆಮನೆ ಎಂದಾಗುವುದು ಬೇಡ, ಅಕ್ಕಪಕ್ಕದ ಮನೆಯವರೊಂದಿಗೆ ಹೆಚ್ಚು ಮಾತು ಬೀಳುವುದು ಹೆಂಗಸರಿಗೇ. ಕಂಪಾಲದ ಸುತ್ತ ಲುಗಾಂಡ, ಉತ್ತರದಲ್ಲಿ ಅಚೋಲಿ, ಹೀಗೆ ಸೀಮೆಗೊಂದು ನುಡಿ. ಊರು ಗೊತ್ತಾದ ಮೇಲೆ ಕಲಿಯಲು ಕೂರಿ. ಲುಗಾಂಡದಲ್ಲಿ ಬೆಳಗ್ಗೆ ಕೇಳುವುದೇ ‘ವಸೂಜೆ ಓಟ್ಯ’, ರಾತ್ರಿ ಹೇಗೆ ಕಳೆಯಿತು ಎಂದು. ಹೀಗೆ ಕುಶಲ ವಿಚಾರಿಸದೆ ನೇರವಾಗಿ ಕಾಯಿಲೆ ಕೇಳಿದರೆ ಒರಟು ಎಂದುಕೊಳ್ಳುತ್ತಾರೆ.

1972ರಲ್ಲಿ ಇದಿ ಅಮೀನ್ 90 ದಿನಗಳ ಗಡುವು ಕೊಟ್ಟು ಭಾರತೀಯ ಮೂಲದವರನ್ನು ಹೊರಡಿಸಿದ. ಅಂಗಡಿ ಇಟ್ಟ ಭಾರತೀಯರನ್ನೇ ಕಂಡ ಹಿರಿಯರು ನಿಮ್ಮವರನ್ನೂ ವ್ಯಾಪಾರಸ್ಥರೆಂದೇ ಮೊದಲು ತಿಳಿಯಬಹುದು. ಮನೆಗೆಲಸದವರನ್ನು ಹೇಗೆ ನಡೆಸಿಕೊಳ್ಳುತ್ತೀರಿ ಎಂಬುದನ್ನು ಇಡೀ ಚರ್ಚ್ ಸಭೆ ನೋಡುತ್ತಿರುತ್ತದೆ.

ಶಾಲೆ ಅಲ್ಲಿ ಫೆಬ್ರವರಿ ಹೊತ್ತಿಗೆ ಶುರುವಾಗಿ ಡಿಸೆಂಬರ್ ಮೊದಲಿಗೆ ಮುಗಿಯುತ್ತದೆ. ಜನವರಿಯಲ್ಲಿ ಹೊರಟರೆ ಹುಡುಗ ವರ್ಷದ ಆರಂಭಕ್ಕೇ ಸೇರುತ್ತಾನೆ. ವರ್ಗಾವಣೆ ಪತ್ರ, ಅಂಕಪಟ್ಟಿ ಇಂಗ್ಲಿಷಿನಲ್ಲಿ ಮಾಡಿಸಿ. ಕನ್ನಡ ಓದು ಬರಹಕ್ಕೆ ಮನೆಯಲ್ಲೇ ದಿನಕ್ಕೆ ಅರ್ಧ ಗಂಟೆ.

ನಮ್ಮ ಸಭೆಯ ಟ್ರಸ್ಟ್ ಖಾತೆಯಿಂದಲೇ ಅವರಿಗೆ ತಿಂಗಳ ಕಾಣಿಕೆ ಕಳಿಸಬಹುದಾ?
— ಬೇಲೂರು

ಬೇಡ. ಟ್ರಸ್ಟ್ ತನ್ನ ಆದಾಯವನ್ನು ದೇಶದ ಹೊರಗೆ ಖರ್ಚು ಮಾಡಿದರೆ ವಿಶೇಷ ಅನುಮತಿಯಿಲ್ಲದೆ ಆ ಹಣಕ್ಕೆ ತೆರಿಗೆ ವಿನಾಯಿತಿ ಇಲ್ಲ. ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಕಳಿಸಲು ರಿಸರ್ವ್ ಬ್ಯಾಂಕ್ ಕೊಟ್ಟ ಸೌಕರ್ಯವೂ ವ್ಯಕ್ತಿಗಳಿಗೆ ಮಾತ್ರ. ಆದ್ದರಿಂದ ಸಭಿಕರು ಪ್ಯಾನ್ ಕೊಟ್ಟು ತಮ್ಮ ತಮ್ಮ ಖಾತೆಯಿಂದ ಬ್ಯಾಂಕಿನ ಮೂಲಕವೇ ಕಳಿಸಲಿ. ಹೊರಟವರು ತಮ್ಮ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ) ಖಾತೆಯಾಗಿ ಬದಲಿಸಿಕೊಳ್ಳಲಿ.

ಅಲ್ಲಿ ಒಳ್ಳೆ ರೋಬಸ್ಟಾ ಕಾಫಿ ಇದೆಯಂತೆ. ರಜೆಗೆ ಬರುವಾಗ ಭಾವ ಒಂದು ಹಿಡಿ ಬೀಜ ತರಲಿ ಎಂದಿದ್ದೇನೆ.
— ಮೂಡಿಗೆರೆ

ದಯವಿಟ್ಟು ತರಿಸಬೇಡಿ. ಒಂದು ಕಾಳೂ ಬೇಡ. 1990ರ ದಶಕದಲ್ಲಿ ಕಾಫಿ ಸೊರಗು ರೋಗ ಉಗಾಂಡದ ರೋಬಸ್ಟಾವನ್ನು ಹಾಳುಗೆಡವಿತು. ಎಲೆ ಬಾಡಿ ಉದುರಿ ಗಿಡ ನಿಂತಲ್ಲೇ ಒಣಗುತ್ತದೆ, ತೊಗಟೆ ಕೆರೆದರೆ ಒಳಗೆ ನೀಲಿಗಪ್ಪು ಗೆರೆ. ಗಿಡ ಕಿತ್ತು ಸುಡುವುದು ಬಿಟ್ಟು ಮದ್ದಿಲ್ಲ. ಆಫ್ರಿಕಾದಲ್ಲೇ ಉಳಿದಿರುವ ಈ ಶಿಲೀಂಧ್ರ ಮಣ್ಣಿನಲ್ಲೂ ಬರಬಲ್ಲದು. ಭಾವ ತೋಟ ತುಳಿದಿದ್ದರೆ ಬೂಟಿನ ಅಡಿಯ ಮಣ್ಣನ್ನು ಅಲ್ಲೇ ಕೆರೆದು, ತೊಳೆದು, ಒಣಗಿಸಿ ಪೆಟ್ಟಿಗೆಗೆ ಹಾಕಲಿ. ಹೊಸ ತಳಿ ಬೇಕಿದ್ದರೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಿ.