ಹಾರ್ಟ್ ಅಟ್ಯಾಕ್ ಆಗದ ಅಪ್ಪನಿಗೆ ದಿನಾ ಆಸ್ಪಿರಿನ್ ಬೇಕಾ?

ಅಪ್ಪನಿಗೆ 72 ವರ್ಷ, ಬಿಪಿ ಇದೆ, ಹಾರ್ಟ್ ಅಟ್ಯಾಕ್ ಆಗಿಲ್ಲ. ಹತ್ತು ವರ್ಷದಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ 75 ಮಿಲಿಗ್ರಾಂ ನುಂಗುತ್ತಿದ್ದಾರೆ, ಈಗ ಹೊಸ ಡಾಕ್ಟರು ಬೇಡ ಅಂದಿದ್ದಾರೆ, ಯಾರ ಮಾತು ಕೇಳೋದು ಅಂತ ಬರೆದಿದ್ದೀರಿ. ನಾನು ದಾವಣಗೆರೆಯಲ್ಲಿ ಫಿಜಿಶಿಯನ್. ಹೊಸ ಡಾಕ್ಟರ ಮಾತೇ ನನಗೂ ಸರಿ ಕಾಣುತ್ತದೆ. ಹಾಗಂತ ಹಳೆಯವರು ತಪ್ಪು ಮಾಡಿದರು ಅಂತಲ್ಲ. ಆಗ ನಾವೆಲ್ಲ ಹಾಗೇ ಬರೆಯುತ್ತಿದ್ದೆವು.

2018ರಲ್ಲಿ ಆಸ್ಪ್ರೀ ಅನ್ನೋ ಅಧ್ಯಯನ ಬಂತು. ಆಸ್ಟ್ರೇಲಿಯಾ, ಅಮೆರಿಕದ 19,114 ಜನ, ಹೆಚ್ಚಿನವರು 70 ದಾಟಿದವರು, ಹೃದಯದ ಕಾಯಿಲೆ ಇಲ್ಲದವರು. ಅರ್ಧ ಜನಕ್ಕೆ ದಿನಾ 100 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ. ಸುಮಾರು ಐದು ವರ್ಷ ನೋಡಿದರೂ ಹೃದಯಕ್ಕೆ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ದೊಡ್ಡ ರಕ್ತಸ್ರಾವ ಮಾತ್ರ ಶೇಕಡಾ 2.8 ಇದ್ದದ್ದು ಆಸ್ಪಿರಿನ್ ತಗೊಂಡವರಲ್ಲಿ 3.8 ಆಯಿತು. 2022ರಲ್ಲಿ ಅಮೆರಿಕದ ತಜ್ಞರ ತಂಡವೂ 60 ದಾಟಿದವರಿಗೆ ಮುಂಜಾಗ್ರತೆಗೆಂದು ಹೊಸದಾಗಿ ಶುರು ಮಾಡಬೇಡಿ ಎಂದಿತು.

ನೂರಕ್ಕೆ ಒಬ್ಬರು ತಾನೇ ಅನ್ನಿಸಬಹುದು. ಆದರೆ ನಮ್ಮ ಕಡೆ ಜೊತೆಗೆ ನೋವಿನ ಮಾತ್ರೆ ಇರುತ್ತದಲ್ಲ, ನನ್ನ ಭಯ ಅದು. ಮೆಕ್ಕೆಜೋಳ ಮುರಿಯುವ ಹೊತ್ತಿನಲ್ಲಿ ಜಗಳೂರು ಕಡೆಯ ಒಬ್ಬ ಅಜ್ಜ ಬಂದರು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪೇ ಇಲ್ಲ. ಹಿಮೋಗ್ಲೋಬಿನ್ 6. "ಹದಿನೈದು ದಿನಾತು, ಹೊರಕಡಿಗೆ ಹೋದ್ರೆ ಡಾಂಬರ್ ಇದ್ದಂಗ ಕರ್ರಗೆ" ಅಂದರು. ಮಗಳು ಮಾತ್ರೆ ಕವರನ್ನು ಟೇಬಲ್ ಮೇಲೆ ಸುರಿದಳು. ಆಸ್ಪಿರಿನ್ ಜೊತೆ ಮೆಡಿಕಲ್ ಶಾಪಿನಿಂದ ಮಂಡಿನೋವಿಗೆ ತಂದ ಡೈಕ್ಲೋಫೆನಾಕ್, ಮುಕ್ಕಾಲು ಪಟ್ಟಿ ಖಾಲಿ. ಎರಡೂ ಸೇರಿ ಹೊಟ್ಟೆಯಲ್ಲಿ ಹುಣ್ಣು ಮಾಡಿ ಒಳಗೇ ರಕ್ತ ಸೋರುತ್ತಿತ್ತು, ಮಲ ಕಪ್ಪಗಾಗಿದ್ದು ಅದಕ್ಕೇ. ರಕ್ತ ಹಾಕಿಸಿ ಉಳಿಸಿಕೊಂಡೆವು. ಅವರಿಗೂ ನಿಮ್ಮ ಅಪ್ಪನ ಹಾಗೆ ಬರೀ ಬಿಪಿ ಇತ್ತು, ಅಷ್ಟೇ.

ಇದನ್ನು ಓದಿ ಯಾರೂ ಮನೆಯಲ್ಲೇ ಆಸ್ಪಿರಿನ್ ನಿಲ್ಲಿಸಬೇಡಿ, ದಯವಿಟ್ಟು. ಹಾರ್ಟ್ ಅಟ್ಯಾಕ್ ಆಗಿದ್ದವರು, ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು, ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆದವರು, ಇವರ ಲೆಕ್ಕವೇ ಬೇರೆ. ಅವರಿಗೆ ಅದು ಜೀವ ಕಾಯುವ ಮಾತ್ರೆ. ಸುಮ್ನೆ ಬಿಟ್ಟರೆ ಸ್ಟೆಂಟಿನಲ್ಲೇ ರಕ್ತ ಹೆಪ್ಪುಗಟ್ಟಬಹುದು.

ನಿಮ್ಮ ಅಪ್ಪನಿಗೆ ಹಿಂದೆ ಲಕ್ವ, ಆಂಜಿಯೋಗ್ರಾಂ ಏನಾದರೂ ಆಗಿತ್ತಾ ಅಂತ ಹಳೆ ಫೈಲು ಹುಡುಕಿ. ಫೈಲಿನ ಜೊತೆ ಮಾತ್ರೆ ಕವರನ್ನೂ ಪೂರ್ತಿ ತಗೊಂಡು ಹೋಗಿ ಆ ಡಾಕ್ಟರಿಗೆ ತೋರಿಸಿ. ಮಂಡಿನೋವಿನ ಮಾತ್ರೆ ಮುಚ್ಚಿಡಬೇಡಿ. ಅಷ್ಟರೊಳಗೆ ಮಲ ಕಪ್ಪಗೆ ಹೋದರೆ ಅಪಾಯಿಂಟ್‌ಮೆಂಟ್ ಕಾಯದೆ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.