ಬೀಚ್ ಮರಳು, ಕೆರೆ ನೀರು, ಮೈಮೇಲೆ ಫಂಗಸ್: ಓದುಗರ ಪ್ರಶ್ನೆ, ಡಾಕ್ಟ್ರ ಉತ್ತರ

ರಜಾ ಮುಗಿದ್ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ನೀರಿಗಿಳಿದು ಬಂದ್ಮೇಲೆ ಶುರುವಾದ ತುರಿಕೆ, ಕಿವಿ ನೋವು, ಮೂಗಿನ ತೊಂದ್ರೆ ಬಗ್ಗೆನೇ ಇದ್ವು, ಹಂಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಬಿಟ್ಟಿದ್ದೀನಿ.

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ಗೋಕರ್ಣ, ಮುರುಡೇಶ್ವರ ಕಡೆ ಹೋಗಿದ್ವಿ, ನನ್ನ ಮಗ ಎಂಟು ವರ್ಷದೋನು, ಇಡೀ ದಿನ ಮರಳಲ್ಲೇ ಹೂತ್ಕೊಂಡು ಆಡ್ದ. ಊರಿಗೆ ಬಂದು ವಾರ ಆಗೋದ್ರೊಳಗೆ ತೊಡೆ ಸಂದಿ, ಬೆನ್ನ ಮೇಲೆ ರೌಂಡ್ ರೌಂಡಾಗಿ ಕೆಂಪಗೆ ಎದ್ದೈತೆ, ತುರಿಕೆ ಅಂದ್ರೆ ತುರಿಕೆ. ಮೆಡಿಕಲ್ ಶಾಪಲ್ಲಿ ಒಂದು ಟ್ಯೂಬ್ ಕೊಟ್ರು, ಎರಡು ದಿನ ಕಮ್ಮಿ ಆಯ್ತು, ಆಮೇಲೆ ಇನ್ನೂ ಅಗಲ ಆಗ್ತಾ ಹೋಗ್ತೈತೆ. ಬೀಚ್ ಮರಳಲ್ಲಿ ಯಾವ ಔಷಧಿಗೂ ಬಗ್ಗದ ಫಂಗಸ್ ಇದೆ ಅಂತ ವಾಟ್ಸಾಪಲ್ಲಿ ಬಂದಿತ್ತು, ಇದು ಅದೇನಾ? (ಓದುಗರು, ವಿದ್ಯಾನಗರ, ದಾವಣಗೆರೆ)

ಉತ್ತರ: ಮೊದ್ಲು ಆ ಟ್ಯೂಬ್ ಹಚ್ಚೋದು ನಿಲ್ಲಿಸ್ರಿ ತಾಯಿ, ಮಿಕ್ಕಿದ್ದು ಆಮೇಲೆ ನೋಡೋಣ. ಎರಡು ದಿನದಲ್ಲಿ ತುರಿಕೆ ನಿಂತು ಆಮೇಲೆ ಅಗಲ ಆಗ್ತಾ ಹೋಯ್ತು ಅಂದ್ರೆ ಅದರಲ್ಲಿ ಸ್ಟೀರಾಯ್ಡ್ ಸೇರಿರೋ ಸಾಧ್ಯತೆನೇ ಜಾಸ್ತಿ. ಟ್ಯೂಬ್ ಮೇಲೆ ಕ್ಲೋಬೆಟಸಾಲ್, ಬೆಕ್ಲೊಮೆಥಸೋನ್, ಬೀಟಾಮೆಥಸೋನ್ ಅಂತ ಯಾವ್ದಾದ್ರೂ ಹೆಸರು ಇದ್ಯಾ ನೋಡ್ರಿ. ಸ್ಟೀರಾಯ್ಡ್ ಕೆಂಪನ್ನ, ತುರಿಕೆನ ಅಡಗಿಸುತ್ತೆ, ಜೊತೆಗೆ ಅಲ್ಲಿನ ಚರ್ಮದ ರೋಗನಿರೋಧಕ ಶಕ್ತಿನೂ ಅಡಗಿಸುತ್ತೆ, ಫಂಗಸ್ ಒಳಗೊಳಗೇ ಹರಡ್ತಾ ಹೋಗುತ್ತೆ, ಕೊನೆಗೆ ರೌಂಡ್ ಆಕಾರನೂ ಕೆಟ್ಟು ಡಾಕ್ಟ್ರಿಗೇ ಗುರುತು ಹಿಡಿಯೋದು ಕಷ್ಟ ಆಗುತ್ತೆ. 2018ರಲ್ಲೇ ಇಂಥ ಬಹಳಷ್ಟು ಸ್ಟೀರಾಯ್ಡ್ ಕ್ರೀಮ್‌ಗಳನ್ನ ಡಾಕ್ಟ್ರ ಚೀಟಿ ಇಲ್ಲದೆ ಮಾರಬಾರ್ದು ಅಂತ ಕೇಂದ್ರ ಸರ್ಕಾರ ನಿಯಮ ತಂತು, ಆದ್ರೂ ಕೌಂಟರಲ್ಲಿ ಕೇಳಿದ ತಕ್ಷಣ ಸಿಗ್ತಾ ಇದೆ, ಮಕ್ಕಳ ತೊಡೆ ಸಂದಿಗೂ ಇದನ್ನೇ ಹಚ್ತಾ ಇದಾರೆ ಅಂದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ.

ಈಗ ಮರಳಿನ ವಿಷ್ಯಕ್ಕೆ ಬರ್ತೀನಿ. ಬೀಚ್ ಮರಳಲ್ಲಿ ಫಂಗಸ್ ಇರೋದು ನಿಜ. ಆಸ್ಪರ್ಜಿಲಸ್, ಫ್ಯುಸೇರಿಯಂ, ಕ್ಯಾಂಡಿಡಾ, ಕೆಲವು ಕಡೆ ಹುಳುಕಡ್ಡಿ ತರೋ ಟ್ರೈಕೊಫೈಟಾನ್ ಜಾತಿಯವೂ ಸಿಕ್ಕಿವೆ. ಸ್ವಲ್ಪ ಅಲ್ಲಿನ ಮಣ್ಣು, ಗಾಳಿಯಿಂದ ಬಂದಿರುತ್ತೆ, ಮಿಕ್ಕಿದ್ದು ನಮ್ಮ ಚರ್ಮ ಕೂದಲಿಂದ, ನಾಯಿ ಬೆಕ್ಕು ಹಕ್ಕಿಗಳಿಂದ, ಹರಿದು ಬರೋ ಚರಂಡಿ ನೀರಿಂದ ಸೇರ್ಕೊಳ್ಳುತ್ತೆ. ನೀರು ಅಲೆ ಜೊತೆ ಬದಲಾಗ್ತಾ ಇರುತ್ತೆ, ಮರಳು ಹಂಗಲ್ಲ, ಅದರ ಸಂದಿಲಿ ತೇವ ನಿಲ್ಲುತ್ತೆ, ಬಿಸಿಲು ಆಳಕ್ಕೆ ಇಳಿಯಲ್ಲ, ಅದಕ್ಕೇ ಅಲ್ಲಿ ಫಂಗಸ್ ಹೆಚ್ಚು ದಿನ ಉಳಿಯುತ್ತೆ. 13 ದೇಶಗಳ 91 ಸ್ನಾನದ ಜಾಗಗಳ ಮರಳು, ಬಹಳಷ್ಟು ಕಡೆ ನೀರೂ ತಗೊಂಡು ಮಾಡಿದ ಒಂದು ದೊಡ್ಡ ಅಧ್ಯಯನದಲ್ಲಿ ಮರಳಿನ ಒಂದು ಗ್ರಾಂಗೆ ಮಧ್ಯದ ಲೆಕ್ಕದಲ್ಲಿ (ಮೀಡಿಯನ್) 89 ಫಂಗಸ್ ಕಾಲೊನಿ, ಅಂದ್ರೆ ಲ್ಯಾಬಲ್ಲಿ ಬೆಳೆಸಿದಾಗ ಕಾಣೋ ಫಂಗಸ್ ಗುಂಪುಗಳು, ಸಿಕ್ಕಿದ್ವು, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸ್ನಾನದ ನೀರಿನ ಗುಣಮಟ್ಟದ ಮಾರ್ಗಸೂಚಿ ತಂದಾಗ ನೀರಷ್ಟೇ ಅಲ್ಲ, ಮರಳನ್ನೂ ಫಂಗಸ್‌ಗೆ ಟೆಸ್ಟ್ ಮಾಡೋದು ಒಳ್ಳೇದು ಅಂತ ಹೇಳ್ತು. ಅಂದ್ರೆ ಇದು ಬರೀ ವಾಟ್ಸಾಪ್ ಪುಕಾರಲ್ಲ.

ಆದ್ರೆ ಮರಳಲ್ಲಿ ಫಂಗಸ್ ಸಿಗೋದು ಬೇರೆ, ಅದರಿಂದ ಕಾಯಿಲೆ ಬರೋದು ಬೇರೆ. ಗಾಯ ಇಲ್ಲದ, ಒಣಗಿದ ಚರ್ಮದೊಳಗೆ ಇದು ಸುಲಭಕ್ಕೆ ಇಳಿಯಲ್ಲ. ನಿಮ್ಮ ಮಗನ ವಿಷಯದಲ್ಲಿ ನನ್ನ ಅನುಮಾನ ಬೇರೆ ಕಡೆ ಇದೆ, ಒದ್ದೆ ಚಡ್ಡಿಲೇ ಗಂಟೆಗಟ್ಟಲೆ ಗಾಡೀಲಿ ಕೂತು ಬಂದಿರ್ತಾನೆ, ಲಾಡ್ಜಲ್ಲಿ ಮನೆಯವರೆಲ್ಲ ಒಂದೇ ಟವೆಲಲ್ಲಿ ಒರೆಸ್ಕೊಂಡಿರ್ತೀರಿ, ಮನೇಲಿ ಯಾರಿಗಾದ್ರೂ ಮೊದಲೇ ಹುಳುಕಡ್ಡಿ ಇರಬಹುದು. ಈ ಫಂಗಸ್ ಅಂಟಿಕೊಂಡು ನಾಲ್ಕು ದಿನದಿಂದ ಎರಡು ವಾರದೊಳಗೆ ಕಾಣಿಸ್ಕೊಳ್ಳುತ್ತೆ, ಹಂಗಾಗಿ ಟ್ರಿಪ್ಪಿಗೂ ಅದಕ್ಕೂ ತಾಳೆ ಆಗುತ್ತೆ, ಮರಳೇ ಕಾರಣ ಅನ್ನೋಕೆ ಅಷ್ಟು ಸಾಲಲ್ಲ.

ವಾಟ್ಸಾಪಲ್ಲಿ ಬಂದಿದ್ದು ಕ್ಯಾಂಡಿಡಾ ಆರಿಸ್ ಬಗ್ಗೆ ಇರಬೇಕು. 2009ರಲ್ಲಿ ಜಪಾನಿನ ಒಬ್ಬ ರೋಗಿಯ ಕಿವಿಲಿ ಸಿಕ್ಕಿದ ಫಂಗಸ್ ಅದು, ಆಮೇಲೆ ಆಸ್ಪತ್ರೆಗಳ ಐಸಿಯುಗಳಲ್ಲಿ ದೊಡ್ಡ ತಲೆನೋವಾಯ್ತು. 2021ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಅಂಡಮಾನಿನ ಒಂದು ಬೀಚಲ್ಲಿ, ಜನರ ಓಡಾಟ ಇಲ್ಲದ ಒಂದು ಉಪ್ಪುನೀರಿನ ಜೌಗಲ್ಲಿ ಅದು ಇದೆ ಅಂತ ತೋರಿಸಿದ್ರು. ಅದು ರಕ್ತಕ್ಕೆ ಇಳಿದು ಕಾಡೋದು ತೀವ್ರ ಕಾಯಿಲೆಯಿಂದ ನಳಿಗೆ, ವೆಂಟಿಲೇಟರ್ ಮೇಲೆ ಮಲಗಿರೋರನ್ನ. ಆಟ ಆಡ್ಕೊಂಡಿರೋ ಮಗು ಮೈಮೇಲಿನ ಕೆಂಪು ರೌಂಡು ಅದಲ್ಲ, ಆ ಭಯ ಬಿಟ್ಟುಬಿಡ್ರಿ.

ನಮ್ಮ ಕಡೆ ಔಷಧಿಗೆ ಬಗ್ಗದ ಫಂಗಸ್ ಇಲ್ವೇ ಇಲ್ಲ ಅಂತಲ್ಲ. ಟ್ರೈಕೊಫೈಟಾನ್ ಇಂಡೊಟಿನಿಯೇ ಅನ್ನೋ ಹುಳುಕಡ್ಡಿ ಜಾತಿ ಇಡೀ ದೇಶದಲ್ಲಿ ಹರಡಿದೆ, ಎಷ್ಟೋ ಕೇಸಲ್ಲಿ ಟರ್ಬಿನಾಫಿನ್ ಅನ್ನೋ ಮಾಮೂಲಿ ಫಂಗಸ್ ಔಷಧಿಗೂ ಜಗ್ಗಲ್ಲ, ಅದು ಹಿಂಗೆ ಬೆಳೆಯೋಕೆ ಆ ಸ್ಟೀರಾಯ್ಡ್ ಮಿಕ್ಸ್ ಟ್ಯೂಬುಗಳೂ ದಾರಿ ಮಾಡ್ಕೊಟ್ಟಿವೆ ಅಂತ ಚರ್ಮದ ಡಾಕ್ಟ್ರುಗಳು ವರ್ಷಗಳಿಂದ ಹೇಳ್ತಾನೇ ಇದಾರೆ. ಜಿಲ್ಲಾ ಆಸ್ಪತ್ರೆ ಸ್ಕಿನ್ ಓಪಿಡಿಗೆ ಹೋಗ್ರಿ, ಕಲೆ ಅಂಚಿಂದ ಚೂರು ಹೊಟ್ಟು ಕೆರೆದು ಮೈಕ್ರೋಸ್ಕೋಪಲ್ಲಿ ನೋಡ್ತಾರೆ, ನೋವಾಗಲ್ಲ. ಟ್ಯೂಬ್ ಬಿಟ್ಟ ಮೇಲೆ ಕೆಲವು ದಿನ ತುರಿಕೆ ಜಾಸ್ತಿ ಆಗಬಹುದು, ಗಾಬರಿಯಾಗಿ ಮತ್ತೆ ಅದನ್ನೇ ಹಚ್ಚಬ್ಯಾಡ್ರಿ. ಡಾಕ್ಟ್ರು ಬರೆದ ಔಷಧಿನ ಕಲೆ ಹೋದ ಮೇಲೂ ಅವರು ಹೇಳಿದಷ್ಟು ದಿನ ಹಚ್ಚಬೇಕು. ಮನೇಲಿ ಇನ್ಯಾರಿಗಿದೆ ಅಂತ ನೋಡಿ ಎಲ್ರೂ ಒಟ್ಟಿಗೇ ತೋರಿಸ್ರಿ, ಟವೆಲ್ ಬೇರೆ ಬೇರೆ ಮಾಡ್ರಿ, ಬಟ್ಟೆ ಬಿಸಿಲಿಗೆ ಹಾಕ್ರಿ.

ಪ್ರಶ್ನೆ: ನಮ್ಮ ಅಣ್ಣ ವರ್ಷಗಟ್ಟಲೆ ಹೊಳೇಲಿ ಮರಳು ಎತ್ತೋ ಕೆಲಸ ಮಾಡ್ಯಾನೆ, ದಿನಾ ಎದೆಮಟ್ಟ ನೀರಲ್ಲೇ. ಈಗ ಒಂದು ಕಡೆ ಮೂಗು ಕಟ್ಟೈತೆ, ಆಗಾಗ ರಕ್ತ ಬರ್ತೈತೆ, ಒಳಗೆ ಕೆಂಪಗೆ ಏನೋ ಗಡ್ಡೆ ಥರ ಕಾಣ್ತೈತೆ. ಕ್ಯಾನ್ಸರ್ ಇರಬೋದು ಅಂತ ಹೆದರಿ ಆಸ್ಪತ್ರೆಗೇ ಬರಾಕ ಒಲ್ಲೆ ಅಂತಾನೆ. (ಓದುಗರು, ಹರಿಹರ)

ಉತ್ತರ: ನಿಮ್ಮ ಪತ್ರ ಓದಿ ಇದಕ್ಕೆ ಇನ್ನೂ ದೊಡ್ಡ ಉತ್ತರ ಬರೀಬೇಕು ಅನ್ನಿಸ್ತು. ನೋಡ್ದೆ ಇದೇ ಕಾಯಿಲೆ ಅಂತ ಹೇಳೋಕಾಗಲ್ಲ, ಆದ್ರೆ ಹೊಳೆ ಕೆಲಸ, ಒಂದೇ ಕಡೆ ಮೂಗು ಕಟ್ಟೋದು, ರಕ್ತ, ಕೆಂಪು ಗಡ್ಡೆ, ಇಷ್ಟು ಸೇರಿದ್ರೆ ಮೊದ್ಲು ನೆನಪಾಗೋದು ರೈನೋಸ್ಪೊರಿಡಿಯೋಸಿಸ್. ದಕ್ಷಿಣ ಭಾರತ, ಶ್ರೀಲಂಕಾ ಇದರ ತವರು ಅನ್ನಬಹುದು. ಕೆರೆ, ಹೊಂಡ, ಹೊಳೇಲಿ ಈಜೋರು, ದನ ತೊಳೆಯೋರು, ಗದ್ದೆ ಕೆಲಸದೋರು, ಮರಳು ಎತ್ತೋರು, ಇವ್ರಲ್ಲೇ ಜಾಸ್ತಿ, ಅದ್ರಲ್ಲೂ ಗಂಡಸರಿಗೆ. ಮರಳು ಮೂಗಿನೊಳಗೆ ಸಣ್ಣ ಗೀರು ಮಾಡುತ್ತೆ, ನೀರಲ್ಲಿರೋ ಜೀವಿ ಆ ಗೀರಿನ ಮೂಲಕ ಸೇರ್ಕೊಳ್ಳುತ್ತೆ ಅಂತ ತಿಳಿಯಲಾಗಿದೆ. ಗಡ್ಡೆ ಹಿಪ್ಪುನೇರಳೆ ಹಣ್ಣಿನ ಥರ ಕೆಂಪಗೆ, ಮೇಲೆಲ್ಲ ಸಣ್ಣ ಬಿಳಿ ಚುಕ್ಕೆ ಇಟ್ಕೊಂಡಿರುತ್ತೆ, ಮುಟ್ಟಿದ್ರೆ ರಕ್ತ.

ಬಹಳ ಕಾಲ ಇದನ್ನ ಫಂಗಸ್ ಅಂತಲೇ ಪುಸ್ತಕಗಳಲ್ಲಿ ಬರೀತಿದ್ರು, 1990ರ ದಶಕದ ಕೊನೆಗೆ ಜೀನ್ ಪರೀಕ್ಷೆ ಮಾಡಿದಾಗ ಮೀನು, ಕಪ್ಪೆಗಳಿಗೆ ಕಾಯಿಲೆ ತರೋ ಒಂದು ನೀರಿನ ಜೀವಿಗಳ ಗುಂಪಿಗೆ ಸೇರಿದ್ದು ಅಂತ ಗೊತ್ತಾಯ್ತು. ಲ್ಯಾಬಲ್ಲಿ ಬೆಳೆಸೋಕೆ ಬರಲ್ಲ, ಹಂಗಾಗಿ ಗಡ್ಡೆ ಚೂರನ್ನ ಮೈಕ್ರೋಸ್ಕೋಪಲ್ಲಿ ನೋಡೇ ಹೇಳಬೇಕು. ಮಾಮೂಲಿ ಫಂಗಸ್ ಮಾತ್ರೆ ಇದಕ್ಕೆ ಕೆಲಸ ಮಾಡಲ್ಲ, ಆಪರೇಷನ್ ಮಾಡಿ ಗಡ್ಡೆ ತೆಗೆದು ಬುಡ ಸುಡ್ತಾರೆ, ಕೆಲವರಿಗೆ ಆಮೇಲೆ ಡ್ಯಾಪ್ಸೋನ್ ಮಾತ್ರೆ ಕೊಡ್ತಾರೆ. ಬುಡ ಉಳಿದ್ರೆ ಮತ್ತೆ ಬರಬಹುದು, ಅದಕ್ಕೇ ಚೆಕಪ್ ತಪ್ಪಿಸಬಾರ್ದು. ಒಬ್ಬರಿಂದ ಒಬ್ಬರಿಗೆ ಹರಡಲ್ಲ, ಮನೇಲಿ ತಟ್ಟೆ ಲೋಟ ಬೇರೆ ಇಡೋದು ಬೇಡವೇ ಬೇಡ.

ನಿಮ್ಮ ಅಣ್ಣನಿಗೆ ಹೇಳ್ರಿ, ಇದೇ ಆಗಿದ್ರೆ ಕ್ಯಾನ್ಸರ್ ಅಲ್ಲ, ತೆಗೆಯೋಕೆ ಬರುತ್ತೆ. ಬೇರೇನೋ ಆಗಿದ್ರೆ ಅದೂ ಬೇಗ ಗೊತ್ತಾಗಬೇಕು. ಈ ವಾರವೇ ಇಎನ್‌ಟಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ರಿ, ಅಲ್ಲಿವರೆಗೂ ಹೊಳೆಗೆ ಇಳಿಯೋದು ಬೇಡ. ಮರಳಿಂದ ಮನೆ ಕಟ್ಟೋರು ಇಷ್ಟು ಜನ ಇದೀವಿ, ಅದನ್ನ ಎತ್ತೋರ ಮೂಗು, ಕಣ್ಣು ನೋಡೋಕೆ ವರ್ಷಕ್ಕೊಂದು ಕ್ಯಾಂಪ್ ಹೊಳೆದಂಡೆ ಊರುಗಳಲ್ಲಿ ಆಗಲೇಬೇಕು ಅಂತ ನನ್ನ ಒತ್ತಾಯ.

ಪ್ರಶ್ನೆ: ಸರ್, ಸೂಳೆಕೆರೆಲಿ ಈಜು ಬಿದ್ಮೇಲೆ ಕಿವಿ ಗುಂಯ್ ಅಂತೈತೆ, ಒಳಗೆ ಕೆರೆತ, ಬಡ್ಸ್ ಹಾಕಿದ್ರೆ ಕಪ್ಪು ಪುಡಿ ಬರ್ತೈತೆ. ಅಮ್ಮ ಬಿಸಿ ಎಣ್ಣೆ ಬಿಡ್ತಾ ಇದಾರೆ. (ಓದುಗರು, ಚನ್ನಗಿರಿ)

ಉತ್ತರ: ಅಮ್ಮನಿಗೆ ಎಣ್ಣೆ ಬೇಡ ಅಂತ ಹೇಳಪ್ಪ. ಕಪ್ಪು ಪುಡಿ ಅಂದ್ರೆ ಆಸ್ಪರ್ಜಿಲಸ್ ನೈಜರ್ ಅನ್ನೋ ಫಂಗಸ್ ಇರಬಹುದು, ಬಿಳಿ ಮೊಸರಿನ ಥರ ಬಂದ್ರೆ ಕ್ಯಾಂಡಿಡಾ ಅನ್ನಬಹುದಿತ್ತು. ನೀರು ಕಿವಿಯ ರಕ್ಷಣೆಯ ಮೇಣನ ತೊಳೆದು ಹಾಕುತ್ತೆ, ಆಮೇಲೆ ನೀನು ಬಡ್ಸ್ ಹಾಕಿ ಚರ್ಮ ಗೀರಿದ್ರೆ ಫಂಗಸ್‌ಗೆ ಜಾಗ ಸಿಕ್ಕಂಗಾಯ್ತು, ಅದರ ಮೇಲೆ ಎಣ್ಣೆ ಬಿಟ್ರೆ ತೇವ ಒಳಗೇ ಉಳಿಯುತ್ತೆ. ಬರೀ ಡ್ರಾಪ್ಸ್ ಹಾಕಿದ್ರೆ ಪೂರ್ತಿ ಹೋಗಲ್ಲ, ಮೊದ್ಲು ಸಕ್ಷನ್ ಮಾಡಿ ಕ್ಲೀನ್ ಮಾಡಿಸ್ಬೇಕು, ತಮಟೆ ತೂತಾಗಿದ್ಯಾ ಅಂತ ನೋಡಿನೇ ಡ್ರಾಪ್ಸ್ ಕೊಡ್ತಾರೆ, ಅದಕ್ಕೇ ಯಾರೋ ಉಳಿಸಿದ ಡ್ರಾಪ್ಸ್ ಹಾಕ್ಕೋಬೇಡ. ಡಾಕ್ಟ್ರು ಸಾಕು ಅನ್ನೋವರೆಗೂ ತಲೆಗೆ ನೀರು ಹಾಕ್ಕೊಳ್ಳುವಾಗ ವ್ಯಾಸಲೀನ್ ಸವರಿದ ಹತ್ತಿ ಕಿವಿಗಿಟ್ಕೋ. ಮನೇಲಿ ಸಕ್ಕರೆ ಕಾಯಿಲೆ ಇರೋ ಹಿರಿಯರಿಗೆ ರಾತ್ರಿ ನಿದ್ದೆ ಕೆಡಿಸೋಷ್ಟು ಕಿವಿ ನೋವು ಬಂದ್ರೆ ಅದು ಬೇರೆ, ಮೂಳೆಗೆ ಹರಡೋ ಸೋಂಕು ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗ್ಬೇಕು.

ಪ್ರಶ್ನೆ: ಮಾರಿಕಣಿವೆ ಡ್ಯಾಮ್ ತುಂಬಿದಾಗಿಂದ ನಮ್ಮಲ್ಲಿಗೆ ಜನ ಜಾತ್ರೆ ಥರ ಬರ್ತಾರೆ. ಸ್ವಚ್ಛ ಬೀಚ್‌ಗೆ ಬ್ಲೂ ಫ್ಲ್ಯಾಗ್ ಅಂತ ಸರ್ಟಿಫಿಕೇಟ್ ಕೊಡ್ತಾರಲ್ಲ, ಅಲ್ಲಿ ಫಂಗಸ್ ನೋಡ್ತಾರಾ? ಕೆರೆ, ಡ್ಯಾಮಿಗೆ ಯಾಕಿಲ್ಲ? (ಓದುಗರು, ಹಿರಿಯೂರು)

ಉತ್ತರ: ಬಹಳ ಒಳ್ಳೆ ಪ್ರಶ್ನೆ. ನಮ್ಮ ರಾಜ್ಯದ ಕಾಸರಕೋಡು, ಪಡುಬಿದ್ರಿ ಬೀಚ್‌ಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ತು. ಅದಕ್ಕೆ ನೀರಲ್ಲಿ ಮುಖ್ಯವಾಗಿ ಇ. ಕೊಲೈ, ಎಂಟೆರೊಕಾಕೈ ಅನ್ನೋ ಎರಡು ಬ್ಯಾಕ್ಟೀರಿಯಾ ನೋಡ್ತಾರೆ, ಇವು ಮಲದ ಕಲ್ಮಶ ಸೇರಿದ್ಯಾ ಅಂತ ಹೇಳುತ್ತವೆ. ಮರಳಿನ ಫಂಗಸ್ ಟೆಸ್ಟ್ ಕಡ್ಡಾಯ ಅಲ್ಲ. ಇನ್ನೊಂದು ಗಮನಿಸ್ರಿ, ಮೇಲೆ ಹೇಳಿದ 91 ಜಾಗಗಳ ಅಧ್ಯಯನದಲ್ಲಿ ಸಮುದ್ರದ ಮರಳಿಗಿಂತ ಸಿಹಿನೀರಿನ ದಂಡೆ ಮರಳಲ್ಲೇ ಫಂಗಸ್ ಒಟ್ಟಾರೆ ಹೆಚ್ಚಿತ್ತು. ಹಂಗಿರುವಾಗ ಸಮುದ್ರ ಅಂದ್ರೆ ಹೆದರಿ, ಕೆರೆ ಹೊಳೆ ನಮ್ದು ಅಂತ ಮೈಮರೆಯೋದು ತಪ್ಪು. ಜನ ಇಳಿಯೋ ಜಾಗದಲ್ಲಿ ದನ ತೊಳೆಯೋದು, ಚರಂಡಿ ಬಿಡೋದು, ಊಟದ ಎಲೆ ಎಸೆದು ನಾಯಿ ಸೇರೋ ಥರ ಮಾಡೋದು ನಿಂತ್ರೆ ಅರ್ಧ ಕೆಲಸ ಆದಂಗೆ, ಇದಕ್ಕೆ ಲ್ಯಾಬೂ ಬೇಡ. ಮಿಕ್ಕರ್ಧಕ್ಕೆ ನಿಮ್ಮ ಪಂಚಾಯ್ತಿಲಿ ಬರವಣಿಗೇಲಿ ಕೇಳ್ರಿ, ಆ ಜಾಗದ ನೀರು ಟೆಸ್ಟ್ ಮಾಡಿಸಿದ್ದೀರಾ, ರಿಪೋರ್ಟ್ ಎಲ್ಲಿದೆ ಅಂತ.

ಪ್ರಶ್ನೆ: ಸ್ವಿಮ್ಮಿಂಗ್ ಪೂಲಿಗೆ ಕ್ಲೋರಿನ್ ಹಾಕ್ತಾರಲ್ಲ, ಆದ್ರೂ ಕಾಲ್ಬೆರಳ ಸಂದಿ ಬೆಳ್ಳಗಾಗಿ ಸುಲಿಯುತ್ತೆ ಯಾಕೆ? (ಓದುಗರು, ಚಿತ್ರದುರ್ಗ)

ಉತ್ತರ: ಫಂಗಸ್ ಬೀಜಕಗಳ ಗೋಡೆ ದಪ್ಪ, ಬಹಳಷ್ಟು ಬ್ಯಾಕ್ಟೀರಿಯಾಗಳಿಗಿಂತ ಕ್ಲೋರಿನ್ ತಡ್ಕೊಳ್ಳುತ್ತವೆ. ಅದಲ್ದೆ ನಿಮಗೆ ಹೆಚ್ಚಾಗಿ ಅಂಟೋದು ಪೂಲ್ ನೀರಿಂದ ಅಲ್ಲ, ಒದ್ದೆ ನೆಲದಿಂದ, ಶವರ್ ರೂಮಿಂದ. ಚಪ್ಪಲಿ ಹಾಕ್ಕೊಂಡೇ ಓಡಾಡಿ, ಸಂದಿ ಪೂರ್ತಿ ಒಣಗಿಸಿ ಆಮೇಲೆ ಸಾಕ್ಸ್ ಹಾಕ್ಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಇದ್ರೆ ತೆಗೆದಿಟ್ಟೇ ನೀರಿಗಿಳೀರಿ, ಕಣ್ಣಿನ ಕರಿಗುಡ್ಡೆಗೆ ಸೋಂಕು ಬಂದ್ರೆ ದೃಷ್ಟಿಗೇ ಕುತ್ತು.

ಪ್ರಶ್ನೆ: ನಂಗೆ ಅರವತ್ತೆಂಟು, ಶುಗರ್ ಐತೆ, ಹಿಮ್ಮಡಿ ಒಡೆದೈತೆ. ಕಾರ್ತಿಕದಲ್ಲಿ ಹರಿಹರದ ಹೊಳೇಲಿ ಸ್ನಾನ ಮಾಡೋದು ನಮ್ಮ ಮನೆ ಪದ್ಧತಿ. ಮಾಡಬೋದಾ? (ಓದುಗರು, ದಾವಣಗೆರೆ)

ಉತ್ತರ: ಹಿಮ್ಮಡಿ ಬಿರುಕು ಮಾಯೋವರೆಗೂ ಹೊಳೆಗೆ ಇಳಿಯೋದು ಬೇಡ ಅಮ್ಮ, ದಂಡೆಲಿ ಕೂತು ಚೂರು ನೀರು ತಲೆಗೆ ಪ್ರೋಕ್ಷಣೆ ಮಾಡ್ಕೊಳ್ರಿ. ಮಾಯ್ದ ಮೇಲೆ ಇಳಿದ್ರೂ ಮುಳುಗು ಹಾಕುವಾಗ ಮೂಗು ಹಿಡ್ಕೊಳ್ರಿ, ಬರಿಗಾಲಲ್ಲಿ ದಂಡೆ ಮೇಲೆ ನಡೀಬ್ಯಾಡ್ರಿ, ಮನೆಗೆ ಬಂದು ನಲ್ಲಿ ನೀರಲ್ಲಿ ಇನ್ನೊಂದ್ಸಲ ಸ್ನಾನ ಮಾಡಿ ಕಾಲ್ಬೆರಳ ಸಂದಿ, ಎದೆ ಕೆಳಗೆ, ತೊಡೆ ಸಂದಿ ಚೆನ್ನಾಗಿ ಒರೆಸ್ಕೊಂಡು ಒಣ ಸೀರೆ ಉಟ್ಕೊಳ್ರಿ. ಅಂಗಾಲು ನಿಮಗೆ ಕಾಣಲ್ಲ, ಅವತ್ತು ರಾತ್ರಿ ಸೊಸೆನೋ ಮೊಮ್ಮಗಳೋ ಯಾರಾದ್ರೂ ಲೈಟ್ ಹಾಕಿ ನೋಡ್ಲಿ, ಕೆಂಪಗೆ, ಬಿಸಿ, ಊತ ಇದ್ರೆ ಮಾರನೇ ದಿನವೇ ತೋರಿಸ್ರಿ.