ಬೇಟೆಯ ಋತು ಮುಗಿದ ಮೇಲೆ: ಮಿನ್ನೆಸೋಟದ ಒಂದು ಚಳಿಗಾಲದ ಪ್ರಕರಣ

ಆಪ್ತಸಮಾಲೋಚನೆಗೆ ನನ್ನ ಬಳಿ ಬಂದ ಇವರನ್ನು ಇಲ್ಲಿ ಸುರೇಶ ಎಂದು ಕರೆಯುತ್ತೇನೆ. ಹೆಸರು, ಉದ್ಯೋಗ, ಮನೆಯವರ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು ನಲವತ್ತು ದಾಟಿದೆ. ಮಲೆನಾಡಿನ ಅಡಿಕೆ ತೋಟದ ಮನೆಯಲ್ಲಿ ಬೆಳೆದವರು, ಈಗ ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ಭಾಗದಲ್ಲಿ, ಡುಲೂತ್ ನಗರದಿಂದ ಒಳಗೆ, ಪತ್ನಿ ಮತ್ತು ಹದಿಹರೆಯದ ಮಗನೊಂದಿಗೆ ನೆಲೆಸಿದ್ದಾರೆ. ಕೆಲಸ ಬಹುಪಾಲು ಮನೆಯಿಂದಲೇ. ಸಹೋದ್ಯೋಗಿಯೊಬ್ಬರು ಒಮ್ಮೆ ಜಿಂಕೆ ಬೇಟೆಗೆ ಕರೆದೊಯ್ದರು. ಅಂದಿನಿಂದ ಒಂದು ವರ್ಷವೂ ಬಿಟ್ಟಿಲ್ಲ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಮಿನ್ನೆಸೋಟದಲ್ಲಿ ಅದು ಪರವಾನಗಿ, ಋತು ಮತ್ತು ಮಿತಿಗಳ ಒಳಗೆ ನಡೆಯುವ ಬದುಕಿನ ಭಾಗ. ಸೆಪ್ಟೆಂಬರ್ ನಡುವಿನಿಂದ ಬಿಲ್ಲು-ಬಾಣದ ಬೇಟೆ, ನವೆಂಬರ್ ಮೊದಲ ವಾರಗಳಲ್ಲಿ ಕೋವಿಯ ಬೇಟೆ, ಡಿಸೆಂಬರ್ 31ಕ್ಕೆ ಜಿಂಕೆಯ ಲೆಕ್ಕ ಪೂರ್ತಿ ಮುಕ್ತಾಯ. ಮಾಂಸ ಫ್ರೀಜರ್ ಸೇರುತ್ತದೆ, ಕಿತ್ತಳೆ ಬಣ್ಣದ ಜಾಕೆಟ್ ಪೆಟ್ಟಿಗೆ ಸೇರುತ್ತದೆ. ಸುರೇಶ ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಕುಳಿತುಬಿಡುತ್ತಿದ್ದರು.

ಜನವರಿ ನಡುವಿನಲ್ಲಿ ಬಂದಾಗ ಸಮಯ ನಿಗದಿ ಮಾಡಿದ್ದು ಅವರಲ್ಲ, ಪತ್ನಿ. ಆಕೆ ಹೇಳಿದ್ದು ಇಷ್ಟು: ಬೆಳಗ್ಗೆ ಒಂಬತ್ತಾದರೂ ಏಳುವುದಿಲ್ಲ. ರಾತ್ರಿ ಎರಡರವರೆಗೆ ಮೊಬೈಲ್‌ನಲ್ಲಿ ಬೇಟೆಯ ವಿಡಿಯೊಗಳು. ಮಗ ಬಾಗಿಲು ಸ್ವಲ್ಪ ಜೋರಾಗಿ ಹಾಕಿದರೂ ಸಿಡುಕು. ಸಂಜೆ ನಾಲ್ಕೂವರೆಗೆ ಕತ್ತಲಾದರೆ ವಿಸ್ಕಿಯ ಗ್ಲಾಸು ಕೈಗೆ ಬರುತ್ತದೆ. ಪೆಟ್ಟಿಗೆಯ ತುಂಬಾ ಉಣ್ಣೆಬಟ್ಟೆಯಿದ್ದರೂ ಅಂಗಳಕ್ಕೂ ಕಾಲಿಡುವುದಿಲ್ಲ. ಸುರೇಶ ಇದನ್ನೆಲ್ಲ ಕೇಳಿಸಿಕೊಂಡು, "ಇಲ್ಲಿ ಎಲ್ಲರಿಗೂ ಆಗುವ ಕ್ಯಾಬಿನ್ ಫೀವರ್ ಇದು, ಏಪ್ರಿಲ್‌ನಲ್ಲಿ ತಾನೇ ಹೋಗುತ್ತದೆ" ಎಂದರು.

ಕ್ಯಾಬಿನ್ ಫೀವರ್ ಎಂಬುದು ವೈದ್ಯರ ಪಟ್ಟಿಯಲ್ಲಿರುವ ರೋಗವಲ್ಲ. ಹಿಮ ಬಿದ್ದು ಮನೆಯೊಳಗೆ ಸಿಲುಕಿದವರ ಚಡಪಡಿಕೆ, ಬೇಸರ, ಸಿಡುಕಿಗೆ ಅಲ್ಲಿನ ಜನ ಕೊಟ್ಟ ಹೆಸರು. ಆದರೆ ಆ ಹೆಸರಿನ ಹಿಂದೆ ಖಿನ್ನತೆ ಸುಲಭವಾಗಿ ಅಡಗುತ್ತದೆ. ವರ್ಷಕ್ಕೊಮ್ಮೆ ಅದೇ ತಿಂಗಳಲ್ಲಿ ಬಂದು ವಸಂತದಲ್ಲಿ ಇಳಿಯುವ ಖಿನ್ನತೆಯನ್ನು ಅಮೆರಿಕದ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿದರು. ಅತಿನಿದ್ರೆ, ಹಿಟ್ಟು-ಸಿಹಿಯ ಹಂಬಲ, ತೂಕ ಏರುವುದು, ಜನರಿಂದ ದೂರ ಸರಿಯುವುದು ಅದರ ಸಾಮಾನ್ಯ ಲಕ್ಷಣಗಳು. ಸುರೇಶರಲ್ಲಿ ಇವೆಲ್ಲ ಇದ್ದವು. ಹಿಂದಿನ ಎರಡು ಚಳಿಗಾಲಗಳೂ ಹೀಗೇ ಕಳೆದಿದ್ದವು ಎಂದು ಪತ್ನಿ ನೆನಪಿಸಿದರು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 13 ಅಂಕ ಬಂತು. ಮಧ್ಯಮ ಮಟ್ಟದ ಖಿನ್ನತೆ. ಥೈರಾಯ್ಡ್, ಜೀವಸತ್ವ ಡಿ ಮತ್ತು ರಕ್ತಹೀನತೆಯ ಪರೀಕ್ಷೆಗೆ ಅವರ ವೈದ್ಯರ ಬಳಿ ಕಳುಹಿಸಿದೆ. ಮನಸ್ಸಿನ ಮೇಲೆ ಹೊರೆ ಹಾಕುವ ಮುನ್ನ ದೇಹವನ್ನು ವಿಚಾರಿಸುವುದು ನನ್ನ ಪದ್ಧತಿ.

ಆ ಊರಿನ ಬೆಳಕಿನ ಲೆಕ್ಕವನ್ನೂ ಅವರ ಮುಂದಿಟ್ಟೆ. ಡಿಸೆಂಬರ್ ಕೊನೆಯಲ್ಲಿ ಡುಲೂತ್‌ನ ಹಗಲು ಸುಮಾರು ಎಂಟೂವರೆ ಗಂಟೆ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆ ಮೀರುತ್ತದೆ. ಬೇಟೆಯ ದಿನಗಳಲ್ಲಿ ಸುರೇಶ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಮರದ ಅಟ್ಟಣೆ ಏರಿ ಕುಳಿತಿರುತ್ತಿದ್ದರು. ಇಡೀ ಬೆಳಗಿನ ಬೆಳಕು ಕಣ್ಣಿಗೆ ಬೀಳುತ್ತಿತ್ತು. ಜನವರಿಯಲ್ಲಿ ಒಂಬತ್ತಕ್ಕೆ ಎದ್ದು, ಪರದೆ ಎಳೆದ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಹಗಲು ಚಿಕ್ಕದಾಗುವ ಹೊತ್ತಿಗೇ ಇದ್ದ ಬೆಳಕನ್ನೂ ಬಿಟ್ಟುಕೊಟ್ಟಿದ್ದರು.

ಮೊದಲ ಭೇಟಿಯಲ್ಲೇ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇತ್ತು. ಪತ್ನಿಯನ್ನು ಹೊರಗೆ ಕೂರಿಸಿ ನೇರವಾಗಿ ಕೇಳಿದೆ: "ಸಾಯಬೇಕು ಅನ್ನಿಸಿದೆಯೇ?" ಹೀಗೆ ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುತ್ತದೆ ಎಂಬ ಭಯ ನಮ್ಮ ಮನೆಗಳಲ್ಲಿ ಬಹಳ ಇದೆ. ಹಾಗೆ ಆಗುವುದಿಲ್ಲ. ಕೇಳಿದವರ ಮುಂದೆ ಹೇಳಿಕೊಳ್ಳಲು ದಾರಿಯಾಗುತ್ತದೆ ಅಷ್ಟೆ. ಸುರೇಶ ತುಸು ಹೊತ್ತು ಸುಮ್ಮನಿದ್ದು, "ಸಾಯುವ ಯೋಚನೆ ಇಲ್ಲ. ಬೆಳಗ್ಗೆ ಎಚ್ಚರವೇ ಆಗದಿದ್ದರೆ ಒಳ್ಳೆಯದಿತ್ತು ಅನ್ನಿಸುತ್ತದೆ" ಎಂದರು. ಯೋಜನೆ ಇರಲಿಲ್ಲ. ಆದರೆ ಮನೆಯಲ್ಲಿ ಮೂರು ಕೋವಿಗಳಿದ್ದವು, ಗುಂಡಿನ ತೋಟೆಗಳು ಅದೇ ಕಪಾಟಿನಲ್ಲಿದ್ದವು, ಸಂಜೆಗೆ ಮದ್ಯವೂ ಇತ್ತು. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಇದನ್ನು ಅವರಿಗೆ ಹೆದರಿಸುವ ಧ್ವನಿಯಲ್ಲಿ ಹೇಳಲಿಲ್ಲ, ಮುಚ್ಚಿಡಲೂ ಇಲ್ಲ.

ಅವರಿಗೆ ಒಪ್ಪಿಗೆಯಾದದ್ದು ಅವರದೇ ಶಿಸ್ತಿನ ಮಾತು. ಮಿನ್ನೆಸೋಟದಲ್ಲಿ 1979ರ ನಂತರ ಹುಟ್ಟಿದವರು ಬೇಟೆಯ ಪರವಾನಗಿ ಕೊಳ್ಳಲು ಕೋವಿ ಸುರಕ್ಷತೆಯ ತರಬೇತಿ ಪಡೆದಿರಬೇಕು. ಸುರೇಶರೂ ಪಡೆದಿದ್ದರು. ಬೇಲಿ ದಾಟುವ ಮುನ್ನ, ಅಟ್ಟಣೆ ಏರುವ ಮುನ್ನ ತೋಟೆ ತೆಗೆಯುವುದನ್ನು ಅವರು ಒಮ್ಮೆಯೂ ತಪ್ಪಿಸಿದವರಲ್ಲ. "ಆಗ ನಿಮ್ಮ ಮೇಲೆ ನಂಬಿಕೆಯಿಲ್ಲದೆ ತೋಟೆ ತೆಗೆಯುತ್ತೀರಾ?" ಎಂದೆ. ಇಲ್ಲ, ಕಾಲು ಯಾರದ್ದಾದರೂ ಜಾರುತ್ತದೆ ಎಂದರು. ಅದೇ ವಾರ ಮೂರೂ ಕೋವಿಗಳು ಬೇಟೆಯ ಗೆಳೆಯನ ಮನೆಯ ಉಕ್ಕಿನ ಕಪಾಟಿಗೆ ಹೋದವು, ತೋಟೆಗಳ ಪೆಟ್ಟಿಗೆಯೂ ಜೊತೆಗೆ. ಈ ಪ್ರಕರಣದಲ್ಲಿ ಮಾಡಿದ ಕೆಲಸಗಳಲ್ಲಿ ಇದಕ್ಕಿಂತ ಮುಖ್ಯವಾದುದು ಬೇರೆ ಇಲ್ಲ ಎಂದು ನನಗೆ ಅನ್ನಿಸುತ್ತದೆ. ಮಾನಸಿಕ ಸಂಕಟದಲ್ಲಿರುವವರಿಗಾಗಿ ಅಮೆರಿಕದಲ್ಲಿರುವ 988 ಸಹಾಯವಾಣಿಯ ಸಂಖ್ಯೆಯನ್ನು ಇಬ್ಬರ ಮೊಬೈಲ್‌ನಲ್ಲೂ ಉಳಿಸಿಸಿದೆ. ಭಾರತದಲ್ಲಿರುವ ಓದುಗರಿಗೆ ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲೇ ಮಾತನಾಡಬಹುದು.

ಮುಂದಿನ ಭೇಟಿಗಳಲ್ಲಿ ಬೇಟೆ ಅವರಿಗೆ ಏನು ಕೊಡುತ್ತಿತ್ತು ಎಂದು ವಿಚಾರಿಸುತ್ತಾ ಹೋದೆ. ಜಿಂಕೆ ಹೊಡೆದ ಕತೆ ಬಹಳ ಕಡಿಮೆ ಬಂತು. ಬಂದದ್ದು ಕತ್ತಲಲ್ಲೇ ಏಳಲು ಇದ್ದ ಕಾರಣ, ಕಾಡಿನ ಸದ್ದಿಗೆ ಗಂಟೆಗಟ್ಟಲೆ ಕಿವಿಗೊಟ್ಟು ಕೂರುವ ಸುಖ, ಸಂಜೆ ಗೆಳೆಯರ ಜೊತೆ ಸ್ಟವ್ ಸುತ್ತ ಕೂತು ಹರಟಿದ್ದು. ಪರವಾನಗಿಯ ಅವಧಿ ಮುಗಿದಾಗ ಈ ಮೂರನ್ನೂ ಅವರು ಜಿಂಕೆಯ ಜೊತೆಗೇ ಮುಚ್ಚಿಬಿಟ್ಟಿದ್ದರು. ಈ ಮೂರಕ್ಕೆ ಪರವಾನಗಿ ಬೇಕಿಲ್ಲ.

"ಆಷಾಢದಲ್ಲಿ ನಿಮ್ಮ ತಂದೆ ಏನು ಮಾಡುತ್ತಿದ್ದರು?" ಎಂದು ಕೇಳಿದ ದಿನ ಅವರು ಮೊದಲ ಸಲ ಬಿಡಿಸಿ ಮಾತನಾಡಿದರು. ವಾರಗಟ್ಟಲೆ ಸೂರ್ಯ ಕಾಣದ ಮಳೆ. ಆದರೂ ಅಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ದಿನವೂ ತೋಟಕ್ಕೆ ಹೋಗುತ್ತಿದ್ದರು. ಹೊಳವಾದ ಎರಡು ಗಂಟೆಯಲ್ಲಿ ಅಡಿಕೆ ಕೊನೆಗೆ ಬೋರ್ಡೋ ದ್ರಾವಣ ಹೊಡೆಸಬೇಕು, ಇಲ್ಲದಿದ್ದರೆ ಕೊಳೆರೋಗ. ಕಾಲುವೆಯ ಕಸ ಎತ್ತಬೇಕು. ಕಳಲೆ ತರಬೇಕು, ಹೊಸನೀರಿಗೆ ಏರಿ ಬರುವ ಹತ್ತುಮೀನು ಹಿಡಿಯಬೇಕು, ರಾತ್ರಿ ಒಲೆಯ ಮುಂದೆ ಹಲಸಿನ ಹಪ್ಪಳ ಸುಡಬೇಕು. ಆ ಮನೆಯಲ್ಲಿ ಮಳೆಗಾಲ ಖಾಲಿ ಋತುವಾಗಿರಲಿಲ್ಲ. ಮಿನ್ನೆಸೋಟದ ಜನವರಿಗೂ ಅದರದೇ ಕೆಲಸಗಳಿವೆ ಎಂಬುದನ್ನು ಅವರೇ ಹುಡುಕುತ್ತಾ ಹೋದರು. ನಾನು ಕೇಳುತ್ತಾ ಹೋದೆ.

ಬೆಳಗ್ಗೆ ಆರೂವರೆಗೆ ಏಳುವುದು, ರಜೆಯ ದಿನವೂ. ಎದ್ದ ಕೂಡಲೇ 10,000 ಲಕ್ಸ್ ಪ್ರಖರತೆಯ, ನೇರಳಾತೀತ ಕಿರಣ ಸೋಸುವ ದೀಪದ ಮುಂದೆ ಅರ್ಧ ಗಂಟೆ. ಅದನ್ನು ದಿಟ್ಟಿಸಬೇಕಿಲ್ಲ, ಎದುರಿಗಿಟ್ಟುಕೊಂಡು ಕಾಫಿ ಕುಡಿದರೆ ಸಾಕು. ಕಣ್ಣಿನ ಕಾಯಿಲೆ ಅಥವಾ ಮನಸ್ಸು ಅತಿಯಾಗಿ ಉಬ್ಬಿ ಮತ್ತೆ ಕುಸಿಯುವ ಬೈಪೋಲಾರ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಆರಂಭಿಸಬಾರದು. ಮಧ್ಯಾಹ್ನ ಊಟಕ್ಕೆ ಮೊದಲು ಹೊರಗೆ ನಡಿಗೆ. ಮೋಡ ಕವಿದ ದಿನವೂ ಹೊರಗಿನ ಬೆಳಕು ಕೋಣೆಯ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚು. ಗಾಳಿ ಸೇರಿದ ಚಳಿ ಮೈನಸ್ 28 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅರ್ಧ ಗಂಟೆಯಲ್ಲಿ ಬರಿ ಚರ್ಮ ಹೆಪ್ಪುಗಟ್ಟಬಹುದು, ಆ ದಿನ ಒಳಗೇ ಇರಿ ಎಂದೆ. ಮೊಬೈಲ್ ರಾತ್ರಿ ಅಡುಗೆಮನೆಯಲ್ಲಿ.

ಶನಿವಾರಕ್ಕೆ ಮಂಜುಗಡ್ಡೆಯ ಮೇಲಿನ ಮೀನುಗಾರಿಕೆ. ಬೇಟೆ ಎಂದರೆ ಮೂಗು ಮುರಿಯುತ್ತಿದ್ದ ಮಗನಿಗೆ ಸರೋವರದ ಗಡ್ಡೆಯಲ್ಲಿ ತೂತು ಕೊರೆಯುವ ಯಂತ್ರ ಹಿಡಿಸಿತು. ನಡೆಯಲು ಕನಿಷ್ಠ 4 ಅಂಗುಲ, ಅಂದರೆ 10 ಸೆಂಟಿಮೀಟರ್, ಸ್ವಚ್ಛ ಗಡ್ಡೆ ಬೇಕು. ಬಿಳಿಚಿದ ಗಡ್ಡೆಯಾದರೆ ಅದರ ಇಮ್ಮಡಿ. ಅಳೆಯುವ ಜವಾಬ್ದಾರಿ ಮಗನದು. ವಾರದ ನಡುವೆ ಒಂದು ಸಂಜೆ ಗೆಳೆಯರು ಸೇರಿ ಫ್ರೀಜರ್‌ನಲ್ಲಿದ್ದ ಜಿಂಕೆ ಮಾಂಸದಿಂದ ಸಾಸೇಜ್ ಮಾಡುವುದು. ಸುರೇಶರ ಪಾಲಿಗೆ ಕಾಳುಮೆಣಸು ಮತ್ತು ಧನಿಯ ಹುರಿದು ಅರೆಯುವ ಕೆಲಸ. ಗಂಡು ಜಿಂಕೆಗಳು ಜನವರಿಯಿಂದ ಮಾರ್ಚ್‌ವರೆಗೆ ಕೊಂಬು ಉದುರಿಸುತ್ತವೆ. ಅವನ್ನು ಹುಡುಕಲು ಹಿಮ ಕರಗುವವರೆಗೆ ಕಾಯಲು ಅವರೇ ನಿರ್ಧರಿಸಿದರು. ಆಳ ಹಿಮದಲ್ಲಿ ಹಸಿದು ನಿಂತ ಪ್ರಾಣಿಗಳನ್ನು ಓಡಿಸಿದರೆ ಅವುಗಳ ಉಳಿದ ಕಸುವೂ ಹೋಗುತ್ತದೆ.

ಇದರ ಜೊತೆಗೆ "ಚಳಿಗಾಲ ಎಂದರೆ ವ್ಯರ್ಥ ಕಾಲ" ಎಂಬ ಅವರ ಯೋಚನೆಯನ್ನು ಪ್ರತಿ ಭೇಟಿಯಲ್ಲೂ ಪರೀಕ್ಷಿಸಿದೆವು. ವರ್ಮಾಂಟ್ ವಿಶ್ವವಿದ್ಯಾಲಯದ ಕೆಲ್ಲಿ ರೋಹನ್ ಅವರ ತಂಡದ ಅಧ್ಯಯನದಲ್ಲಿ, ಯೋಚನೆ ಮತ್ತು ನಡವಳಿಕೆ ತಿದ್ದುವ ಚಿಕಿತ್ಸೆ ಪಡೆದವರಲ್ಲಿ ಎರಡು ಚಳಿಗಾಲಗಳ ನಂತರ ಖಿನ್ನತೆ ಮರಳಿದ್ದು ಬೆಳಕಿನ ಚಿಕಿತ್ಸೆ ಪಡೆದವರಿಗಿಂತ ಕಡಿಮೆ. ದೀಪವೊಂದನ್ನೇ ನಂಬಿ ಕೂರಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಮೊದಲ ವಾರಗಳಲ್ಲಿ ನಿದ್ರೆ ಸರಿಯಾಯಿತು, ಸಿಡುಕು ತಗ್ಗಿತು. ಫೆಬ್ರವರಿಯ ಒಂದು ಕಡುಚಳಿಯ ವಾರ ಎಲ್ಲವೂ ಮತ್ತೆ ಕುಸಿಯಿತು. ಮೂರು ದಿನ ದೀಪ ಹಚ್ಚಲಿಲ್ಲ. ಆ ವಾರ ಪತ್ನಿ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಬೆಳಗ್ಗೆ ದೀಪದ ಮುಂದೆ ಎರಡು ಲೋಟ ಕಾಫಿ ಇಟ್ಟು ತಾನೂ ಕುಳಿತರು. ಮನೆಯವರು ಮಾಡಬಹುದಾದ ಸಹಾಯದಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ. ಮಾರ್ಚ್ ಕೊನೆಗೆ ಖಿನ್ನತೆಯ ಅಂಕ 6ಕ್ಕೆ ಇಳಿದಿತ್ತು. ಕುಡಿತ ಕಡಿಮೆಯಾಗಿದೆ, ನಿಂತಿಲ್ಲ. ಅದರ ಬಗ್ಗೆ ನನಗೆ ಸಮಾಧಾನವಿಲ್ಲ ಎಂದು ಅವರಿಗೆ ಹೇಳಿದ್ದೇನೆ.

ಸೆಪ್ಟೆಂಬರ್ ಕೊನೆಯಿಂದಲೇ ದೀಪ ಆರಂಭಿಸುವುದು, ಡಿಸೆಂಬರ್ ಬರುವ ಮುನ್ನವೇ ಜನವರಿಯ ಶನಿವಾರಗಳನ್ನು ಗೆಳೆಯರ ಜೊತೆ ಗೊತ್ತುಮಾಡುವುದು ಎಂದು ಬರೆದುಕೊಂಡಿದ್ದಾರೆ. ಕೋವಿಗಳು ಈಗಲೂ ಗೆಳೆಯನ ಮನೆಯಲ್ಲಿವೆ. ನವೆಂಬರ್‌ನ ಬೇಟೆಗೆ ಅಲ್ಲಿಂದಲೇ ತೆಗೆದುಕೊಂಡು ಅಲ್ಲೇ ಮರಳಿಸುವುದೇ, ಅಥವಾ ಮನೆಗೆ ತರುವುದೇ ಎಂಬುದನ್ನು ಅಕ್ಟೋಬರ್‌ನಲ್ಲಿ ಪತ್ನಿಯೂ ಸೇರಿ ಮೂವರು ಕುಳಿತು ತೀರ್ಮಾನಿಸಲಿದ್ದೇವೆ.